ವಸಡಿನ ಆರೈಕೆ ಮತ್ತು ಮರೆವಿನ ಕಾಯಿಲೆ: ತಿಳಿದಿರುವುದೆಷ್ಟು, ಮಾಡಬೇಕಾದುದೇನು

(ರಾಯಚೂರಿನಲ್ಲಿ ಹಿರಿಯ ನಾಗರಿಕರು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. "ಡಾಕ್ಟ್ರೇ, ಹಲ್ಲು ಕ್ಲೀನ್ ಮಾಡಿಸಿದ್ರ ಮರೆವಿನ ರೋಗ ಬರಲ್ಲಂತ, ಖರೇನ್ರಿ?" ಎಂದು ಇತ್ತೀಚಿನ ವರ್ಷಗಳಲ್ಲಿ ರೋಗಿಗಳು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಈ ವಿಷಯ ಎರಡು ಬಗೆಯಲ್ಲಿ ಹರಿದಾಡುತ್ತಿದೆ. ಹಲ್ಲುಜ್ಜದವರಿಗೆ ಬುದ್ಧಿಭ್ರಮೆ ಕಟ್ಟಿಟ್ಟದ್ದು ಎಂಬ ಹೆದರಿಕೆಯ ಮಾತು ಒಂದು ಕಡೆ, ಇಂಥ ಪೇಸ್ಟು ಕೊಂಡರೆ ಮೆದುಳು ಚುರುಕಾಗುತ್ತದೆ ಎಂಬ ವ್ಯಾಪಾರದ ಮಾತು ಇನ್ನೊಂದು ಕಡೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಸಡಿನ ಕಾಯಿಲೆಗೂ ಮರೆವಿನ ಕಾಯಿಲೆಗೂ ನಂಟಿದೆ ಎಂದು ಹೇಳಲು ಸಾಕಷ್ಟು ಆಧಾರಗಳಿವೆ. ವಸಡಿಗೆ ಚಿಕಿತ್ಸೆ ಮಾಡಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲ ಎಂಬುದು ಮಾತ್ರ ಈವರೆಗೆ ಸಾಬೀತಾಗಿಲ್ಲ. ಹಾಗಿದ್ದರೂ ವಸಡಿನ ಆರೈಕೆಯನ್ನು ಮುಂದೂಡಬಾರದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಬೇಕಾದ ಬೇರೆ ಕಾರಣಗಳು ಈಗಾಗಲೇ ಗಟ್ಟಿಯಾಗಿವೆ. ಆ ಕಾರಣಗಳು ಹೆಚ್ಚು ಅನ್ವಯಿಸುವುದು, ಮರೆವು ಈಗಾಗಲೇ ಕಾಲಿಟ್ಟಿರುವ ಮನೆಗಳಿಗೆ.

ವಸಡಿನ ಕಾಯಿಲೆ ಹೇಗೆ ಶುರುವಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಹಲ್ಲಿನ ಬೇರು ನೇರವಾಗಿ ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಸೂಕ್ಷ್ಮವಾದ ನಾರುಗಳು ಅದನ್ನು ದವಡೆಯ ಎಲುಬಿಗೆ ಬಿಗಿದು ಹಿಡಿದಿರುತ್ತವೆ, ಮೇಲಿನಿಂದ ವಸಡು ಅದನ್ನು ಸುತ್ತುವರಿದು ಕಾಯುತ್ತದೆ. ಹಲ್ಲಿನ ಬುಡದಲ್ಲಿ ದಿನವೂ ಕೂರುವ ಬಿಳಿ ಲೋಳೆಯ ಪದರದಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅದನ್ನು ತೆಗೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿತು. ಆರೋಗ್ಯವಂತ ವಸಡಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಅಷ್ಟೂ ಮಂದಿಯ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಬೇಗನೆ ಮೊದಲಿನಂತಾಯಿತು. ಈ ಹಂತದ ಊತ ಪೂರ್ತಿ ಗುಣವಾಗುವಂಥದ್ದು. ಅದನ್ನು ವರ್ಷಗಟ್ಟಲೆ ಬಿಟ್ಟಾಗ ಕೆಲವರಲ್ಲಿ ಊತ ಒಳಗಿಳಿದು, ನಾರುಗಳನ್ನು ಕಡಿದು, ಎಲುಬನ್ನು ಕರಗಿಸುತ್ತದೆ. ಜನ ಪಯೋರಿಯಾ ಎಂದು ಕರೆಯುವ, ವೈದ್ಯರು ಪೆರಿಯೊಡಾಂಟೈಟಿಸ್ ಎನ್ನುವ ಕಾಯಿಲೆ ಇದು. ಹೀಗೆ ಕರಗಿದ ಎಲುಬು ತಾನಾಗಿ ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗೆ ತೀವ್ರವಾದ ವಸಡಿನ ಕಾಯಿಲೆಯಿದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ ಈ ಕಾಯಿಲೆ ನೋಯುವುದಿಲ್ಲ. ಹುಳುಕು ಹಲ್ಲು ರಾತ್ರಿಯೆಲ್ಲಾ ಎಚ್ಚರವಾಗಿಟ್ಟು ಮರುದಿನ ಬೆಳಗ್ಗೆಯೇ ಆಸ್ಪತ್ರೆಗೆ ಓಡಿಸುತ್ತದೆ. ವಸಡಿನ ಕಾಯಿಲೆ ಹತ್ತು ವರ್ಷ ಬಾಯಲ್ಲಿದ್ದರೂ ಸದ್ದಿಲ್ಲ. ನಾವು ಪರೀಕ್ಷಿಸುವಾಗ ಮಿಲಿಮೀಟರ್ ಗುರುತುಗಳಿರುವ, ತುದಿ ಮೊಂಡಾದ ಸಣ್ಣ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತೇವೆ. ಆರೋಗ್ಯವಾಗಿದ್ದರೆ ಅದು 1ರಿಂದ 3 ಮಿಲಿಮೀಟರಿಗೆ ನಿಲ್ಲುತ್ತದೆ. ಕಾಯಿಲೆಯಿದ್ದಲ್ಲಿ 5ಕ್ಕೆ, 6ಕ್ಕೆ, ಕೆಲವೊಮ್ಮೆ 8ಕ್ಕೂ ಇಳಿದು, ಹೊರತೆಗೆಯುತ್ತಿದ್ದಂತೆ ಬುಡದಲ್ಲಿ ರಕ್ತದ ಸಣ್ಣ ಗೆರೆ ಮೂಡುತ್ತದೆ. ಅಷ್ಟು ಆಳಕ್ಕೆ ಇಳಿದಿದ್ದರೂ ರೋಗಿ "ಏನೂ ನೋವಿಲ್ರಿ" ಎನ್ನುತ್ತಾರೆ. ಹಲ್ಲು ಮತ್ತು ವಸಡಿನ ನಡುವಿನ ಇಂಥ ಆಳದ ಸಂದುಗಳನ್ನು ನಾವು ಜೇಬುಗಳೆನ್ನುತ್ತೇವೆ; ಅವುಗಳ ಒಳಮೈಯೆಲ್ಲವನ್ನೂ ಒಟ್ಟು ಸೇರಿಸಿದರೆ ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆಗಬಹುದೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಕಾಲಿನ ಮೇಲೆ ಅಷ್ಟಗಲದ ಹುಣ್ಣು ವರ್ಷಗಟ್ಟಲೆ ಕೀವಾಡುತ್ತಿದ್ದರೆ ಮನೆಯವರು ಸುಮ್ಮನಿರುವುದಿಲ್ಲ. ಬಾಯೊಳಗಿನದು ಕಣ್ಣಿಗೆ ಬೀಳುವುದಿಲ್ಲವೆಂಬ ಕಾರಣಕ್ಕೆ ಎಲ್ಲರೂ ಸುಮ್ಮನಿದ್ದೇವೆ. ಅಲ್ಲಿಂದ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷಾಂಶಗಳು ರಕ್ತಕ್ಕೆ ಸೇರುತ್ತಲೇ ಇರುತ್ತವೆ, ಅಗಿಯುವಾಗಲೂ, ಹಲ್ಲುಜ್ಜುವಾಗಲೂ.

ಮೆದುಳಿನ ವಿಚಾರಕ್ಕೆ ಬರೋಣ. ಮರೆವಿನ ಕಾಯಿಲೆಯೆಂದು ನಾವು ಕರೆಯುವ ಡಿಮೆನ್ಶಿಯಾ ಎಂಬುದು ನೆನಪು, ವಿವೇಚನೆ, ಮಾತು ಮತ್ತು ದಿನದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಒಂದೊಂದಾಗಿ ಕುಂದುವ ಸ್ಥಿತಿ. ಅದರಲ್ಲಿ ಅಲ್ಝೈಮರ್ ಕಾಯಿಲೆಯದೇ ದೊಡ್ಡ ಪಾಲು, ಮೆದುಳಿನ ರಕ್ತನಾಳಗಳು ಕೆಡುವುದರಿಂದ ಬರುವುದು ಇನ್ನೊಂದು ಮುಖ್ಯ ಬಗೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಸ್ಥಿತಿಯಿದೆ ಎಂದು ಅಂದಾಜು ಮಾಡಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚಿದೆ. ಹಳ್ಳಿಯ ಹಿರಿಯ ಹೆಂಗಸು ಎಂದಾಗ ನಮ್ಮ ದೇವದುರ್ಗ, ಲಿಂಗಸುಗೂರು, ಮಾನ್ವಿ ಸೀಮೆಯ ಎಷ್ಟೋ ಮನೆಗಳು ಕಣ್ಣ ಮುಂದೆ ಬರುತ್ತವೆ. ಮಗ ಸೊಸೆ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ, ಮನೆಯಲ್ಲಿ ಮುದುಕಿ ಮತ್ತು ಮೊಮ್ಮಕ್ಕಳಷ್ಟೇ ಉಳಿದಿರುತ್ತಾರೆ. ಆಕೆ ಒಲೆ ಆರಿಸುವುದನ್ನು ಮರೆತರೂ, ಪಿಂಚಣಿಯ ಹಣ ಎಲ್ಲಿಟ್ಟೆನೆಂದು ಮರೆತರೂ ಗಮನಿಸುವವರಿಲ್ಲ; ಗಮನಿಸಿದರೂ ಅರವತ್ತಕ್ಕೆ ಅರಳು ಮರಳು ಎಂದು ಅಲ್ಲಿಗೇ ಬಿಡುತ್ತೇವೆ.

ಈಗ ಎರಡರ ನಂಟಿನ ಬಗ್ಗೆ ಏನು ತಿಳಿದಿದೆ ನೋಡೋಣ. ತೈವಾನಿನ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೀರ್ಘಕಾಲದ ವಸಡಿನ ಕಾಯಿಲೆಯಿದ್ದ 9,291 ಮಂದಿಯನ್ನು ಅದಿಲ್ಲದ 18,672 ಮಂದಿಯ ಜೊತೆ ಹೋಲಿಸಲಾಯಿತು. ಕಾಯಿಲೆ 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇದ್ದವರಲ್ಲಿ ಅಲ್ಝೈಮರ್ ಬರುವ ಸಂಭವ ಸುಮಾರು 1.7 ಪಟ್ಟು ಇತ್ತು. ಇದಕ್ಕೆ ಎದುರಾಗಿ, ದಕ್ಷಿಣ ಕೊರಿಯಾದಲ್ಲಿ 50 ದಾಟಿದ 2,62,349 ಮಂದಿಯನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಡಿಮೆನ್ಶಿಯಾದ ಹೆಚ್ಚಳ ನೂರಕ್ಕೆ 6ರಷ್ಟು ಮಾತ್ರ. ಅಮೆರಿಕದಲ್ಲಿ 8,000ಕ್ಕೂ ಹೆಚ್ಚು ಜನರನ್ನು ಸರಾಸರಿ 18 ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ವಸಡಿನ ಕಾಯಿಲೆಯಿದ್ದವರಿಗೆ ಸುಮಾರು ನೂರಕ್ಕೆ 20ರಷ್ಟು ಹೆಚ್ಚು ಅಪಾಯ ಕಂಡಿತು. ಇಂಥ 47 ಅಧ್ಯಯನಗಳನ್ನು ಒಟ್ಟುಗೂಡಿಸಿ ಫಿನ್ಲೆಂಡಿನ ಸಂಶೋಧಕರು 2022ರಲ್ಲಿ ಮಾಡಿದ ವಿಶ್ಲೇಷಣೆಯೂ ಸುಮಾರು ಇದೇ ಅಂಕಿಗೆ, 21ಕ್ಕೆ ಬಂದು ನಿಂತಿತು. ಜೊತೆಗೆ, ಒಳಗೊಂಡ ಅಧ್ಯಯನಗಳ ಗುಣಮಟ್ಟದ ಬಗ್ಗೆ ಅವರೇ ಎಚ್ಚರಿಕೆ ಹೇಳಿದರು.

ನೂರಕ್ಕೆ 21 ಎಂಬ ಅಂಕಿಯನ್ನು ಕೇಳಿದ ಕೂಡಲೇ ವಸಡಿನ ಕಾಯಿಲೆಯಿದ್ದ ನೂರು ಜನರಲ್ಲಿ 21 ಮಂದಿಗೆ ಮರೆವು ಬರುತ್ತದೆ ಎಂದು ಬಹಳ ಜನ ತಿಳಿದುಕೊಳ್ಳುತ್ತಾರೆ. ಅದು ತಪ್ಪು ತಿಳಿವಳಿಕೆ. ಹಿರಿಯರ ಒಂದು ಗುಂಪಿನಲ್ಲಿ ನೂರಕ್ಕೆ 7 ಮಂದಿಗೆ ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ, ಆ 7 ಎಂಬುದು ಎಂಟಕ್ಕೋ ಎಂಟೂವರೆಗೋ ಏರುತ್ತದೆ, ಅಷ್ಟೇ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ವ್ಯತ್ಯಾಸ. ವಸಡಿನ ಕಾಯಿಲೆ ಮನೆಮನೆಯಲ್ಲೂ ಇರುವ ಒಂದು ಸಮಾಜದ ಮಟ್ಟಿಗೆ ಸಣ್ಣದಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ಹೆದರಿಕೆಯೂ ಇರುವುದಿಲ್ಲ, ಉಡಾಫೆಯೂ ಇರುವುದಿಲ್ಲ.

ಜೊತೆಯಲ್ಲಿ ಕಾಣಿಸಿಕೊಂಡದ್ದೆಲ್ಲ ಕಾರಣವೇ ಆಗಬೇಕಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಬ್ಯಾಕ್ಟೀರಿಯಾವೇ ಮೆದುಳಿಗೆ ಹೋಗುತ್ತದೆಯೇ ಎಂದು ಹುಡುಕಿದವರೂ ಇದ್ದಾರೆ. ವಸಡಿನ ಕಾಯಿಲೆಯಲ್ಲಿ ಮುಖ್ಯ ಪಾತ್ರವಿರುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಕುರುಹುಗಳು, ಅದು ಹೊರಬಿಡುವ ಜಿಂಜಿಪೇನ್ ಎಂಬ ಕಿಣ್ವಗಳು, ಅಲ್ಝೈಮರ್‌ನಿಂದ ತೀರಿಕೊಂಡವರ ಮೆದುಳಿನಲ್ಲಿ ಸಿಕ್ಕಿವೆ ಎಂದು 2019ರಲ್ಲಿ ಒಂದು ಸಂಶೋಧನೆ ವರದಿ ಮಾಡಿತು. ಇಲಿಗಳ ಬಾಯಿಗೆ ಆ ಬ್ಯಾಕ್ಟೀರಿಯಾವನ್ನು ಸೋಂಕಿಸಿದಾಗ ಅದು ಮೆದುಳನ್ನು ತಲುಪಿತು, ಅಲ್ಝೈಮರ್‌ನಲ್ಲಿ ಕಾಣುವ ಅಮೈಲಾಯ್ಡ್ ಪ್ರೋಟೀನಿನ ಪ್ರಮಾಣವೂ ಏರಿತು. ಜಗತ್ತಿನಾದ್ಯಂತ ಪತ್ರಿಕೆಗಳು ಇದನ್ನು ದೊಡ್ಡ ಸುದ್ದಿ ಮಾಡಿದವು. ನಮ್ಮಲ್ಲಿ ಹರಿದಾಡುವ ಸಂದೇಶಗಳ ಮೂಲವೂ ಹೆಚ್ಚಾಗಿ ಇದೇ. ಆ ಸಂಶೋಧನೆಯ ಹಿಂದೆ ಕಾರ್ಟೆಕ್ಸೈಮ್ ಎಂಬ ಅಮೆರಿಕದ ಔಷಧ ಕಂಪನಿಯಿತ್ತು, ಜಿಂಜಿಪೇನನ್ನು ತಡೆಯುವ ಮಾತ್ರೆಯನ್ನು ಅದು ಸಿದ್ಧಪಡಿಸುತ್ತಿತ್ತು. ಮುಂದೆ ಏನಾಯಿತು ಎಂಬುದನ್ನು ಹೇಳುವ ಸಂದೇಶ ಮಾತ್ರ ಯಾರ ಮೊಬೈಲಿಗೂ ಬಂದಂತಿಲ್ಲ. ಅಲ್ಝೈಮರ್ ಇದ್ದ 643 ಮಂದಿಯ ಮೇಲೆ ಆ ಮಾತ್ರೆಯನ್ನು ಸುಮಾರು ಒಂದು ವರ್ಷ ಪರೀಕ್ಷಿಸಲಾಯಿತು. 2021ರ ಅಕ್ಟೋಬರಿನಲ್ಲಿ ಫಲಿತಾಂಶ ಹೊರಬಿದ್ದಾಗ, ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಮುಖ್ಯ ಅಳತೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೆಲವರಲ್ಲಿ ಯಕೃತ್ತಿನ ತೊಂದರೆಯ ಲಕ್ಷಣಗಳೂ ಕಂಡವು. ಇದರಿಂದ ಬ್ಯಾಕ್ಟೀರಿಯಾದ ವಾದ ಪೂರ್ತಿ ಬಿದ್ದುಹೋಯಿತು ಎನ್ನಲಾಗದು, ಏಕೆಂದರೆ ಕಾಯಿಲೆ ಕಾಣಿಸಿಕೊಂಡ ಮೇಲೆ ಕೊಟ್ಟ ಔಷಧ ತಡವಾಗಿರಬಹುದು. ಆದರೆ ವಾದ ಗೆದ್ದಿತು ಎನ್ನಲು ಮಾತ್ರ ಆಧಾರವಿಲ್ಲ.

ಜರ್ಮನಿಯ ಗ್ರೈಫ್ಸ್‌ವಾಲ್ಡ್ ನಗರದ ಸಂಶೋಧಕರು 2022ರಲ್ಲಿ ಇನ್ನೊಂದು ಬಗೆಯ ಹೋಲಿಕೆ ಮಾಡಿದರು: ವಸಡಿಗೆ ಚಿಕಿತ್ಸೆ ಪಡೆದಿದ್ದ 177 ಮಂದಿಯ ಮತ್ತು ಪಡೆಯದ 409 ಮಂದಿಯ ಮೆದುಳಿನ ಎಂ.ಆರ್.ಐ. ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರು. ಚಿಕಿತ್ಸೆ ಪಡೆದವರಲ್ಲಿ ಅಲ್ಝೈಮರ್‌ಗೆ ಸಂಬಂಧಿಸಿದ ಮೆದುಳಿನ ಸವಕಳಿ ಕಡಿಮೆಯಿತ್ತು. ಭರವಸೆ ಕೊಡುವ ಫಲಿತಾಂಶವೇ ಸರಿ. ಆದರೆ ಇಲ್ಲಿ ಯಾರಿಗೆ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ತಾವಾಗಿ ಹೋಗಿ ವಸಡಿಗೆ ಚಿಕಿತ್ಸೆ ಪಡೆಯುವವರು ಸಾಮಾನ್ಯವಾಗಿ ಬಿ.ಪಿ.ಯ ಮಾತ್ರೆಯನ್ನೂ ತಪ್ಪದೆ ನುಂಗುವವರು, ನಡೆದಾಡುವವರು, ಓದು ಬಲ್ಲವರು. ಮೆದುಳನ್ನು ಕಾಪಾಡಿದ್ದು ಇವುಗಳಲ್ಲಿ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಹತ್ತಿಪ್ಪತ್ತು ವರ್ಷ ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟು, ಕಾಯಿಲೆಯಿದೆಯೆಂದು ಗೊತ್ತಿದ್ದೂ ಇನ್ನೊಂದು ಗುಂಪಿಗೆ ಕೊಡದೆ ಕೂರುವ ಪ್ರಯೋಗವನ್ನು ಯಾವ ವೈದ್ಯನೂ ಒಪ್ಪಲಾರ, ಒಪ್ಪಲೂಬಾರದು. ಆದ್ದರಿಂದ ಈ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಸುಲಭವಿಲ್ಲ.

ಇನ್ನೊಂದು ತೊಡಕನ್ನು ನಾನು ಇವೆಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಅಲ್ಝೈಮರ್ ಕಾಯಿಲೆಯ ಬದಲಾವಣೆಗಳು ಮೊದಲ ಮರೆವು ಕಾಣಿಸಿಕೊಳ್ಳುವ 15–20 ವರ್ಷ ಮೊದಲೇ ಮೆದುಳಿನಲ್ಲಿ ಆರಂಭವಾಗಿರುತ್ತವೆ. ಆ ದೀರ್ಘ ಅವಧಿಯಲ್ಲಿ ಮನುಷ್ಯನ ಆಸಕ್ತಿ, ಶಿಸ್ತು, ಸ್ವಂತ ಆರೈಕೆ ಇವು ಯಾರ ಗಮನಕ್ಕೂ ಬಾರದಷ್ಟು ಸ್ವಲ್ಪ ಸ್ವಲ್ಪವಾಗಿ ಸಡಿಲಗೊಳ್ಳಬಹುದು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ ಚಹಾಕ್ಕೆ ಕೂತುಬಿಡುವುದು, ಬ್ರಷ್ಷಿನಲ್ಲಿ ನಾಲ್ಕು ಸಲ ಆಡಿಸಿ ಮುಗಿಸುವುದು, ಹೀಗೆ. ಆಗ ವಸಡು ಕೆಟ್ಟದ್ದು ಮೆದುಳಿನ ಕಾಯಿಲೆಯ ಕಾರಣದಿಂದ, ಮೆದುಳು ಕೆಟ್ಟದ್ದು ವಸಡಿನಿಂದಲ್ಲ. ನನ್ನ ತಿಳಿವಳಿಕೆಯಲ್ಲಿ ಎರಡೂ ದಿಕ್ಕಿನ ಹರಿವು ಇದ್ದೀತು. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಬಾಯಿಯ ಸ್ವಚ್ಛತೆ ಬಿಟ್ಟಿದ್ದಾರೆಂದರೆ ಗದರುವ ಮೊದಲು ಅವರ ನೆನಪಿನ ಕಡೆಗೂ ಒಮ್ಮೆ ಗಮನ ಕೊಡಿ.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಡಿಮೆನ್ಶಿಯಾಕ್ಕೆ ದಾರಿ ಮಾಡಿಕೊಡುವ, ಆದರೆ ಬದಲಾಯಿಸಿಕೊಳ್ಳಬಹುದಾದ 14 ಅಂಶಗಳನ್ನು ಗುರುತಿಸಿ, ಅವನ್ನು ಸರಿಪಡಿಸಿದರೆ ಸುಮಾರು ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಓದು ಸಿಗದಿರುವುದು, ಬಿ.ಪಿ., ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಅತಿಯಾದ ಕುಡಿತ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ ಇವೆಲ್ಲ ಆ ಪಟ್ಟಿಯಲ್ಲಿವೆ. ವಸಡಿನ ಕಾಯಿಲೆ ಇಲ್ಲ. ವಸಡಿನ ವೈದ್ಯನಾಗಿ ನಾನೇ ಇದನ್ನು ಹೇಳಬೇಕು: ಕೈಯಲ್ಲಿ ಹಣ ಕಡಿಮೆಯಿದ್ದು, ಅಪ್ಪನಿಗೆ ಕಿವಿ ಕೇಳಿಸದೆ ಮೂಲೆಯಲ್ಲಿ ಮಾತಿಲ್ಲದೆ ಕೂರುತ್ತಿದ್ದರೆ, ಕಣ್ಣಿಗೆ ಪೊರೆ ಬಂದಿದ್ದರೆ, ಮೆದುಳಿನ ದೃಷ್ಟಿಯಿಂದ ಮೊದಲು ಅವನ್ನು ಸರಿಮಾಡಿಸಿ.

ಹಾಗಾದರೆ ವಸಡಿಗೆ ಏಕಿಷ್ಟು ಒತ್ತು? ಮೊದಲ ಉತ್ತರ ಸಕ್ಕರೆ ಕಾಯಿಲೆ. ಅದು ಮೇಲಿನ 14ರಲ್ಲಿ ಒಂದು, ಮತ್ತು ವಸಡಿನ ಜೊತೆ ಅದರ ಸಂಬಂಧ ಎರಡೂ ಕಡೆಯಿಂದ ಸಾಬೀತಾಗಿರುವಂಥದ್ದು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ. ವಸಡಿನ ಊತ ಹಾಗೇ ಉಳಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಇಲ್ಲಿ ಚೀಟಿ ಎತ್ತಿ ಮಾಡಿದ ಪ್ರಯೋಗಗಳೇ ಹಲವು ಇವೆ. ಅವನ್ನೆಲ್ಲ ಸೇರಿಸಿ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ಮಾಡಿದ ವಿಮರ್ಶೆಯು, ವಸಡಿನ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ, ರಕ್ತದ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಅಂಕಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು ತೋರಿಸಿತು. 8.4 ಇದ್ದದ್ದು 8ಕ್ಕೆ ಬಂದರೆ ಅದು ಇನ್ನೊಂದು ಮಾತ್ರೆಯನ್ನು ಸೇರಿಸಿದ್ದಕ್ಕೆ ಹತ್ತಿರದ ಫಲ. ರಕ್ತನಾಳಗಳ ಬಗ್ಗೆಯೂ ಒಂದು ಒಳ್ಳೆಯ ಪ್ರಯೋಗವಿದೆ. 2007ರಲ್ಲಿ 120 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ವಸಡಿನ ಆಳದ ಚಿಕಿತ್ಸೆಯ ಮರುದಿನ ರಕ್ತನಾಳಗಳ ಹಿಗ್ಗುವ ಗುಣ ತುಸು ಕುಗ್ಗಿದರೂ, ಆರು ತಿಂಗಳ ಹೊತ್ತಿಗೆ ಚಿಕಿತ್ಸೆ ಪಡೆದವರದ್ದು ಸ್ಪಷ್ಟವಾಗಿ ಸುಧಾರಿಸಿತ್ತು. ಮೆದುಳಿಗೆ ರಕ್ತ ಒಯ್ಯುವುದೂ ಇಂಥ ನಾಳಗಳೇ. ಹೀಗೆ ವಸಡಿನಿಂದ ಮೆದುಳಿಗೆ ನೇರ ದಾರಿ ಸಾಬೀತಾಗದಿದ್ದರೂ ಸಕ್ಕರೆ ಮತ್ತು ರಕ್ತನಾಳಗಳ ಮೂಲಕ ಹಾಯುವ ಬಳಸುದಾರಿಯನ್ನು ಅಲ್ಲಗಳೆಯುವುದು ಕಷ್ಟ.

ಎರಡನೆಯ ಉತ್ತರ ಊಟ. ನಮ್ಮ ಸೀಮೆಯಲ್ಲಿ ಹಲ್ಲಿನ ಆರೋಗ್ಯವನ್ನು ತಟ್ಟೆ ನೋಡಿಯೇ ತಿಳಿಯಬಹುದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಸೌತೆಕಾಯಿ, ಮೆಂತ್ಯದ ಸೊಪ್ಪು, ಕಾಳುಪಲ್ಯ ಎಂದು ಉಣ್ಣುತ್ತಿದ್ದ ಮುತ್ಯಾ ಮೊದಲು ಸೊಪ್ಪು, ಸೌತೆಕಾಯಿ ಬಿಡುತ್ತಾನೆ. ಆಮೇಲೆ ಶೇಂಗಾ ಬಿಡುತ್ತಾನೆ. ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ ನುಂಗುತ್ತಾನೆ. ಕೊನೆಗೆ ಎರಡು ಹೊತ್ತೂ ಮೆತ್ತಗಿನ ಅನ್ನ, ಮಜ್ಜಿಗೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಬಂದು ನಿಲ್ಲುತ್ತಾನೆ. ವಯಸ್ಸಾಯಿತು, ಕಡಿಮೆ ಉಣ್ಣುತ್ತಾನೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಹಸಿವು ಇದ್ದೇ ಇದೆ, ಅಗಿಯಲಾಗುತ್ತಿಲ್ಲ. ನಾರು, ಕಾಳು, ಸೊಪ್ಪು ತಟ್ಟೆಯಿಂದ ಇಳಿದುಹೋಗಿ ಅಕ್ಕಿ ಮತ್ತು ಸಕ್ಕರೆ ಉಳಿದಾಗ ಅದರ ಪರಿಣಾಮ ಇಡೀ ದೇಹದ ಮೇಲೆ, ಮೆದುಳಿನ ಮೇಲೂ ಆಗುತ್ತದೆ.

ಇಲ್ಲಿ ಬಿ12 ಜೀವಸತ್ವದ ಮಾತನ್ನು ಸೇರಿಸಬೇಕು. ನಾಲಿಗೆ ಕೆಂಪಾಗಿ, ನುಣ್ಣಗಾಗಿ, ಖಾರ ತಾಗಿದರೆ ಉರಿಯುತ್ತಿದ್ದರೆ, ಜೊತೆಗೆ ಮರೆವೂ ಕೈಕಾಲು ಜೋಮು ಹಿಡಿಯುವುದೂ ಇದ್ದರೆ, ಬಿ12 ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಲೇಬೇಕು. ಮಾಂಸಾಹಾರವಿಲ್ಲದ, ಹಾಲು ಮೊಸರೂ ಕಡಿಮೆಯಾದ ಹಿರಿಯರಲ್ಲಿ ಈ ಕೊರತೆ ಬಹಳ ಸಾಮಾನ್ಯ. ಥೈರಾಯಿಡ್ ಕಡಿಮೆಯಾದರೂ ಮರೆವು ಬರುತ್ತದೆ. ಬೇಗ ಗುರುತಿಸಿದರೆ ಇವೆರಡನ್ನೂ ಸರಿಪಡಿಸಲು ಸಾಧ್ಯ. ಅರಳು ಮರಳೆಂದು ಕೈಬಿಟ್ಟರೆ ಗುಣವಾಗಬಹುದಾಗಿದ್ದ ಮರೆವು ಉಳಿದುಬಿಡುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಕೆಲವು ಮಾತುಗಳಿವೆ. ರಾಯಚೂರು, ಕೊಪ್ಪಳ ಭಾಗದ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಹಾಗಾಗಿ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಕಲೆಗಳಿರುವವರು ಬಹಳ. ಅದು ಹುಟ್ಟಿದ ಮೊದಲ ವರ್ಷಗಳಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಆದ ಕಲೆ. ಅದನ್ನು ಕೊಳೆಯೆಂದು ತಿಳಿದು ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಹಾಕಿ ತಿಕ್ಕುತ್ತಾರೆ. ಕಲೆ ಹೋಗುವುದಿಲ್ಲ, ಹಲ್ಲು ಸವೆದು ವಸಡು ಕೆಳಗಿಳಿಯುತ್ತದೆ. ಇನ್ನು ತಂಬಾಕು. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲೇ ನಿಷೇಧಿಸಿದರೂ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಬೇರೆ ಬೇರೆ ಕೊಂಡು ಬೆರೆಸುವುದು ನಿಂತಿಲ್ಲ. ಕೆನ್ನೆಯಲ್ಲಿ ಎಲ್ಲಿ ತಂಬಾಕು ಇಡುತ್ತಾರೋ ಅಲ್ಲಿನ ವಸಡು ಬೇರಿನಿಂದ ಕಳಚಿ ಇಳಿದಿರುತ್ತದೆ; ಬಾಯಿ ತೆರೆದರೆ ಯಾವ ಕಡೆ ಇಡುತ್ತಾರೆಂದು ನಾವು ಕೇಳದೆ ಹೇಳಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವಿದೆ: ವಸಡಿಗೆ ರಕ್ತದ ಹರಿವು ಕುಗ್ಗುವುದರಿಂದ ಕಾಯಿಲೆ ಬಲಿತರೂ ರಕ್ತ ಹೆಚ್ಚು ಕಾಣುವುದಿಲ್ಲ, ಹಾಗಾಗಿ ವಸಡು ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಬಿ.ಪಿ.ಗೆ ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ಉಬ್ಬಿ ಬೆಳೆಯುವುದುಂಟು. ಹಾಗೆ ಕಂಡರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಅದು ಹುಟ್ಟುವ ಬಗೆ ನನಗೆ ಅರ್ಥವಾಗುತ್ತದೆ. ಕೆಳದವಡೆಯ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ, ನಾಲಿಗೆ ತಾಗುವ ಕಡೆ, ಜೊಲ್ಲಿನ ಸುಣ್ಣದ ಅಂಶ ಸೇರಿ ಗಟ್ಟಿಯಾದ ಗಾರೆ ವರ್ಷಗಳಿಂದ ಗೋಡೆಯಂತೆ ಕಟ್ಟಿರುತ್ತದೆ. ಒಳಗೆ ಎಲುಬು ಕರಗಿದ್ದರೂ ಆ ಗಾರೆಯೇ ನಾಲ್ಕಾರು ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಸಂದುಗಳು ನಾಲಿಗೆಗೆ ಸಿಗುತ್ತವೆ, ಮೊದಲೇ ಸಡಿಲವಾಗಿದ್ದ ಹಲ್ಲು ಈಗ ಅಲ್ಲಾಡುವುದು ಗೊತ್ತಾಗುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಕೆಲವು ವಾರಗಳಲ್ಲಿ ಊತ ಇಳಿದು ವಸಡು ಬಿಗಿಯಾಗುತ್ತದೆ, ಅನೇಕ ಹಲ್ಲುಗಳ ಅಲ್ಲಾಟವೂ ಕಡಿಮೆಯಾಗುತ್ತದೆ. ಚಿಕಿತ್ಸೆ ಒಂದು ದಿನದ್ದಲ್ಲ ಎಂಬುದನ್ನೂ ತಿಳಿದಿರಬೇಕು; ಕಾಯಿಲೆ ಬಲಿತವರು ಮೂರು ಅಥವಾ ಆರು ತಿಂಗಳಿಗೊಮ್ಮೆ ಬರಬೇಕಾಗುತ್ತದೆ, ಮನೆಯಲ್ಲಿ ದಿನಕ್ಕೆರಡು ಸಲ ಮೃದುವಾದ ಬ್ರಷ್ಷಿನಿಂದ ವಸಡಿನ ಅಂಚು ಮುಟ್ಟುವಂತೆ ಉಜ್ಜಬೇಕಾಗುತ್ತದೆ, ರಾತ್ರಿ ಮಲಗುವ ಮೊದಲಿನದ್ದನ್ನು ತಪ್ಪಿಸಲೇಬಾರದು.

ಈಗಾಗಲೇ ಮರೆವಿನ ಕಾಯಿಲೆ ಇರುವವರ ಆರೈಕೆಯ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಅವರ ಬಾಯಿಯನ್ನು ನಾವೆಲ್ಲರೂ ಸೇರಿ ಮರೆತಿದ್ದೇವೆ. ಸ್ನಾನ ಮಾಡಿಸುತ್ತೇವೆ, ಬಟ್ಟೆ ಬದಲಿಸುತ್ತೇವೆ, ಬಾಯಿ ತೆರೆದು ನೋಡುವುದಿಲ್ಲ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರೈಕೆ ಮಾಡುವವರು ದಿನವೂ ಬಾಯಿ ಸ್ವಚ್ಛ ಮಾಡಿದ ಹಿರಿಯರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದರೆ, ಹಾಗೆ ಮಾಡದವರಲ್ಲಿ 19 ಮಂದಿಗೆ ಬಂತು. ಮರೆವಿನ ಕಾಯಿಲೆ ಮುಂದುವರಿದವರಲ್ಲಿ ನುಂಗುವ ಶಕ್ತಿ ಕುಂದಿ, ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿಯುತ್ತದೆ; ಅವರ ಸಾವಿಗೆ ನ್ಯುಮೋನಿಯಾ ಸಾಮಾನ್ಯ ಕಾರಣ. ಬೇರೇನೂ ಸಾಬೀತಾಗದಿದ್ದರೂ ಈ ಒಂದು ಕಾರಣ ನನಗೆ ಸಾಕು.

ಅವ್ವನ ಹಲ್ಲುಜ್ಜುವುದು ಹೇಗೆ? ಬೆಳಕು ಚೆನ್ನಾಗಿರುವ ಕಡೆ ಬೆನ್ನಿರುವ ಕುರ್ಚಿಯಲ್ಲಿ ಕೂರಿಸಿ, ಎದುರಿನಿಂದ ಮೈಮೇಲೆ ಬೀಳುವಂತೆ ನಿಲ್ಲದೆ ಪಕ್ಕದಲ್ಲಿ ತುಸು ಹಿಂದಕ್ಕೆ ನಿಂತು, ಎಡಗೈಯಿಂದ ಗಲ್ಲವನ್ನು ಆನಿಸಿ ಹಿಡಿಯಿರಿ. ಮಕ್ಕಳ ಅಳತೆಯ ಮೃದುವಾದ ಬ್ರಷ್ ಮತ್ತು ಬಟಾಣಿಯಷ್ಟು ಪೇಸ್ಟ್ ಸಾಕು. ಮೊದಲು ಬ್ರಷ್ಷನ್ನು ಅವರ ಕೈಗೇ ಕೊಟ್ಟು, ಅವರ ಕೈಯ ಮೇಲೆ ನಿಮ್ಮ ಕೈಯಿಟ್ಟು ಆಡಿಸಿ. ಅರವತ್ತು ವರ್ಷದ ಅಭ್ಯಾಸ ಕೈಯಲ್ಲಿ ಇನ್ನೂ ಉಳಿದಿರುತ್ತದೆ, ಎಷ್ಟೋ ಸಲ ಅದೇ ಮುಂದುವರಿಸುತ್ತದೆ. "ಬಾಯಿ ತೆಗಿಯವ್ವಾ" ಎಂದು ಒಂದೊಂದೇ ಮಾತನ್ನು ಹೇಳಿ, ಒಟ್ಟಿಗೆ ನಾಲ್ಕು ಸೂಚನೆ ಬೇಡ. ಬಾಯಿ ಬಿಗಿಹಿಡಿದರೆ ಬಲವಂತ ಮಾಡಬೇಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ. ಉಗುಳಲು ಬಾರದವರಿಗೆ ಬಾಯಿ ಮುಕ್ಕಳಿಸುವ ಔಷಧ ಕೊಡಬಾರದು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿ. ಹಲ್ಲುನೋವನ್ನು ಅವರು ಬಾಯಿಬಿಟ್ಟು ಹೇಳಲಾರರು. ತಟ್ಟೆ ತಳ್ಳುವುದು, ಕೆನ್ನೆ ಹಿಡಿದುಕೊಳ್ಳುವುದು, ಮುಖ ತೊಳೆಯಲು ಬಿಡದಿರುವುದು, ರಾತ್ರಿ ಕಾರಣವಿಲ್ಲದೆ ಕೂಗಾಡುವುದು ಕಂಡರೆ ನಿದ್ದೆಯ ಮಾತ್ರೆ ಕೇಳುವ ಮೊದಲು ಬಾಯಿ ತೋರಿಸಿ.

ಉಪನ್ಯಾಸದ ಕೊನೆಗೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಎಲ್ಲಾ ಹಲ್ಲು ಕೀಳಿಸಿಬಿಟ್ಟರೆ ವಸಡಿನ ಕಾಯಿಲೆಯೇ ಇರುವುದಿಲ್ಲ, ಮೆದುಳಿಗೆ ಅದೇ ಒಳ್ಳೆಯದಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಉಳಿಸಲಾಗದ ಹಲ್ಲನ್ನು ಕೀಳಲೇಬೇಕು, ಆದರೆ ಉಳಿಯುವ ಹಲ್ಲನ್ನು ಮೆದುಳಿನ ಹೆಸರಿನಲ್ಲಿ ಕೀಳಿಸಬಾರದು. ನಾನು ಹೇಳಿದ ಅಮೆರಿಕದ ಅಧ್ಯಯನದಲ್ಲಿ ಹಲ್ಲೇ ಇಲ್ಲದವರಿಗೂ ತೀವ್ರ ವಸಡಿನ ಕಾಯಿಲೆ ಇದ್ದವರಷ್ಟೇ ಹೆಚ್ಚಿನ ಅಪಾಯ ಕಂಡಿತ್ತು.

ಇನ್ನೊಬ್ಬ ಮಗಳ ಪ್ರಶ್ನೆ ಹೀಗಿತ್ತು: "ನಮ್ಮವ್ವಗ ಮರೆವು ಶುರುವಾಗೇತ್ರಿ, ಇನ್ ಈಗ ಹಲ್ಲಿಗೆ ತೋರಿಸಿ ಏನ್ ಮಾಡೋದ್ರಿ?" ಆಕೆಗೆ ಹೇಳಿದ ಮೊದಲ ಮಾತೆಂದರೆ, ಹಿಂದೆ ಹಲ್ಲು ನೋಡಿಕೊಳ್ಳದ್ದರಿಂದ ಅವ್ವನಿಗೆ ಹೀಗಾಯಿತು ಎಂದು ಯಾರೂ ಅವರನ್ನಾಗಲಿ ತಮ್ಮನ್ನಾಗಲಿ ಹಳಿದುಕೊಳ್ಳಬಾರದು, ಹಾಗೆನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ. ಎರಡನೆಯದು, ತೋರಿಸಲು ಸರಿಯಾದ ಕಾಲ ಇದೇ. ಅವ್ವ ಇನ್ನೂ ಕುರ್ಚಿಯಲ್ಲಿ ಕೂತು, ಹೇಳಿದ್ದನ್ನು ಕೇಳಿ, ಬಾಯಿ ತೆರೆದಿಟ್ಟುಕೊಳ್ಳಬಲ್ಲ ದಿನಗಳಲ್ಲೇ ಗಾರೆ ತೆಗೆಸುವುದು, ಹುಳುಕು ತುಂಬಿಸುವುದು, ಕೀಳಬೇಕಾದುದನ್ನು ಕೀಳಿಸುವುದು, ಬೇಕಿದ್ದರೆ ಹಲ್ಲಿನ ಸೆಟ್ ಮಾಡಿಸಿ ರೂಢಿ ಮಾಡಿಸುವುದು, ಎಲ್ಲವನ್ನೂ ಮುಗಿಸಿಬಿಡಬೇಕು. ಎರಡು ವರ್ಷ ಕಳೆದರೆ ಇದೇ ಕೆಲಸಕ್ಕೆ ಮಂಪರು ಬರುವ ಔಷಧ ಕೊಡಬೇಕಾದೀತು, ಹೊಸ ಸೆಟ್‌ಗೆ ಹೊಂದಿಕೊಳ್ಳುವುದಂತೂ ಅವರಿಂದ ಆಗದು. ತಾಲ್ಲೂಕು ಆಸ್ಪತ್ರೆಗಳಲ್ಲೂ ದಂತವೈದ್ಯರಿರುತ್ತಾರೆ; ನಮ್ಮ ಊರಿನಲ್ಲಿ ದಂತ ಕಾಲೇಜುಗಳಿವೆ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಮರೆವಿರುವವರಿಗೆ ಸಂಜೆಯಾಗುತ್ತಿದ್ದಂತೆ ಗಾಬರಿ, ಗೊಂದಲ ಹೆಚ್ಚುತ್ತದೆ, ಆದ್ದರಿಂದ ಬೆಳಗಿನ ಹೊತ್ತಿಗೇ ಕರೆದುಕೊಂಡು ಬನ್ನಿ.